ಸಂಪಾದಕರ ಉತ್ತರ: ಮೂರು ಸಲ ಹೇಳುವ ಮಾತು

ರಾಣೆಬೆನ್ನೂರಿನ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮೊಮ್ಮಗಳು ಹುಬ್ಬಳ್ಳಿಯಲ್ಲಿ ರೂಮು ಮಾಡಿಕೊಂಡು ಏರ್ ಟ್ರಾಫಿಕ್ ಕಂಟ್ರೋಲರ್ (ವಿಮಾನಗಳಿಗೆ ನೆಲದಿಂದ ರೇಡಿಯೋದಲ್ಲಿ ದಾರಿ ಹೇಳುವವರು) ಪರೀಕ್ಷೆಗೆ ಓದುತ್ತಿದ್ದಾಳೆ. ರಜೆಗೆ ಬಂದಾಗ, ಅಪಾಯದಲ್ಲಿದ್ದ ವಿಮಾನಗಳ ಪೈಲಟ್‌ಗಳು ಕಂಟ್ರೋಲರ್‌ಗಳ ಜೊತೆ ಆಡಿದ ಮಾತುಗಳನ್ನು ಅಜ್ಜನಿಗೆ ಕೇಳಿಸಿದ್ದಾಳೆ. ಅಜ್ಜನಿಗೆ ಬೇಸರವಾಗಿದೆ. "ಜೀವ ಹೋಗುವ ಹೊತ್ತಿನಲ್ಲೂ ಯಂತ್ರದ ಹಾಗೆ ಅಳೆದು ತೂಗಿದ ಮಾತು. ಅದೂ ಇಂಗ್ಲಿಷಿನಲ್ಲಿ. ಮನುಷ್ಯ ತನ್ನ ತಾಯ್ನುಡಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಬಾರದೇ? ನಯ ವಿನಯ ಎಲ್ಲಿ ಹೋಯಿತು?" ಎಂದು ಕೇಳಿದ್ದಾರೆ. ಕೊನೆಗೆ ಇನ್ನೊಂದು ಪ್ರಶ್ನೆ: ಅಂಥ ಹೊತ್ತಿನಲ್ಲಿ ಕೊನೆಯ ಮಾತು ಯಾರದು, ಮೇಲೆ ವಿಮಾನದಲ್ಲಿದ್ದವರದೋ ಕೆಳಗೆ ನೆಲದಲ್ಲಿದ್ದವರದೋ?

ಮಾಸ್ತರರೇ, ಒಂದು ಒತ್ತಕ್ಷರವೂ ತಪ್ಪದ ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ. ತಾಯ್ನುಡಿಯ ಬಗ್ಗೆ ನೀವು ಹೇಳಿದ್ದು ಸರಿ. ಗಾಬರಿಯಾದಾಗ ಬಾಯಿಗೆ ಬರುವುದು ಅವ್ವ ಕಲಿಸಿದ ಮಾತೇ. ಅಂತರರಾಷ್ಟ್ರೀಯ ನಿಯಮ ಕೂಡ ಆಯಾ ನೆಲದ ಭಾಷೆಯನ್ನು ಪೂರಾ ಬೇಡ ಎನ್ನುವುದಿಲ್ಲ. ಆದರೆ ನಯ ವಿನಯದ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

1990ರ ಜನವರಿ 25. ಕೊಲಂಬಿಯಾದಿಂದ ಹೊರಟ ಏವಿಯಾಂಕಾ 52 ಎಂಬ ಬೋಯಿಂಗ್ 707 ವಿಮಾನ ನ್ಯೂಯಾರ್ಕಿನ ಕಡೆ ಬರುತ್ತಿತ್ತು. ಹವಾಮಾನ ಕೆಟ್ಟಿತ್ತು. ಇಳಿಯಲು ವಿಮಾನಗಳ ಸಾಲೇ ಇತ್ತು. ಇದನ್ನು ಬೇರೆ ಬೇರೆ ಕಡೆ ಒಟ್ಟು 77 ನಿಮಿಷ ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ತಳ ಕಂಡಿತು. ರೇಡಿಯೋ ಹಿಡಿದಿದ್ದ ಸಹ ಪೈಲಟ್ "ಪ್ರಯಾರಿಟಿ ಬೇಕು", ಅಂದರೆ ಆದ್ಯತೆ ಕೊಡಿ, ಎಂದ. "ಎಮರ್ಜೆನ್ಸಿ" ಎನ್ನಲಿಲ್ಲ. ಪ್ರಾಣಾಪಾಯದಲ್ಲಿ ಪೈಲಟ್‌ಗಳು ಕೂಗುವ "ಮೇಡೇ" ಎಂಬ ಮಾತನ್ನೂ ಎನ್ನಲಿಲ್ಲ. ಮೊದಲ ಸಲ ಇಳಿಯಲಾಗದೆ ವಿಮಾನ ಮತ್ತೆ ಮೇಲಕ್ಕೆದ್ದಿತು. ಆಗ ಕ್ಯಾಪ್ಟನ್ ಪಕ್ಕದಲ್ಲೇ ಕೂತು, ನಾವು ಎಮರ್ಜೆನ್ಸಿಯಲ್ಲಿದ್ದೇವೆ ಅಂತ ಅವರಿಗೆ ಹೇಳು ಎಂದು ಸ್ಪ್ಯಾನಿಷ್‌ನಲ್ಲಿ ಹೇಳಿದ. ನೋಡಿ, ತಾಯ್ನುಡಿಯಲ್ಲಿ ಆ ಮಾತು ಬಂತು. ಆದರೆ ಕಾಕ್‌ಪಿಟ್ ದಾಟಲಿಲ್ಲ. ಸಹ ಪೈಲಟ್ ಕೆಳಗೆ ತಿಳಿಸಿದ್ದು, ಇನ್ನೊಂದು ಸಲ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಾ ಬಂದಿದೆ ಎಂದಷ್ಟೇ.

ಕಂಟ್ರೋಲರ್ ಕೇಳಿದ: ನಿಮ್ಮನ್ನು ಹದಿನೈದು ಮೈಲಿ ಈಶಾನ್ಯಕ್ಕೆ ಕರೆದುಕೊಂಡು ಹೋಗಿ ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಅದು ಸರಿ ತಾನೇ?

ಉತ್ತರ: ಆಗಬಹುದು ಅನಿಸುತ್ತದೆ, ತುಂಬಾ ಧನ್ಯವಾದ.

ಕೆಲವೇ ನಿಮಿಷಗಳಲ್ಲಿ ನಾಲ್ಕೂ ಎಂಜಿನ್ ನಿಂತವು. ಲಾಂಗ್ ಐಲ್ಯಾಂಡಿನ ಒಂದು ದಿಬ್ಬದ ಮೇಲೆ ವಿಮಾನ ಬಿತ್ತು. 158 ಜನರಲ್ಲಿ 73 ಜನ ಸತ್ತರು. ಬಿದ್ದ ಮೇಲೆ ಬೆಂಕಿಯೇ ಹತ್ತಲಿಲ್ಲ. ಉರಿಯಲು ಇಂಧನ ಇರಲಿಲ್ಲ.

ಆ "ತುಂಬಾ ಧನ್ಯವಾದ" ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಒಂದು ಫೋನು ನೆನಪಾಗುತ್ತದೆ. ಗದಗಿನಿಂದ ರಾತ್ರಿ ಹತ್ತರ ಸುಮಾರಿಗೆ ಅತ್ತಿ ಮಾಡಿದ್ದು. "ಏನಿಲ್ಲಪಾ, ನಿಮ್ಮ ಮಾಮಾಗ ಸ್ವಲ್ಪ ಆರಾಮಿಲ್ಲ. ಕೆಲಸ ಬಿಟ್ಟು ಬರಬ್ಯಾಡ. ಬಿಡುವಾದಾಗ ಬಂದು ಹೋಗು." ಮರುದಿನ ಸಂಚಿಕೆ ಅಚ್ಚಿಗೆ ಹೋಗಬೇಕಿತ್ತು. "ಆತು ಅತ್ತಿ, ನಾಳೆ ಬರ್ತೀನಿ" ಅಂದೆ. ಹುಬ್ಬಳ್ಳಿಯಿಂದ ಗದಗಿಗೆ ಎಷ್ಟು ದೂರ ಹೇಳಿ? ಮರುದಿನ ಮಧ್ಯಾಹ್ನ ಹೋದಾಗ ಅಂಗಳದಲ್ಲಿ ಜನ ನಿಂತಿದ್ದರು. ಮಾಮಾ ಆ ರಾತ್ರಿಯೇ "ಎದಿ ಹಿಂಡಿದಂಗ ಆಗಾಕತ್ತೈತಿ" ಅಂದಿದ್ದರಂತೆ. "ನಿನಗ ಗಾಬ್ರಿ ಆಗಬಾರದು ಅಂತ ಹೇಳಲಿಲ್ಲ" ಎಂದು ಅತ್ತಿ ಅತ್ತರು. ಅವರೊಬ್ಬರದೇ ತಪ್ಪು ಎನ್ನಲಾರೆ. ಏನಾಗೈತಿ, ಎಲ್ಲಿ ನೋವು ಅಂತ ನಾನೂ ಕೇಳಲಿಲ್ಲ.

ನಮ್ಮ ಕಡೆ ಇದು ಮನೆಮನೆಯ ರೂಢಿ ಅಲ್ವಾ? ದೊಡ್ಡ ಕಷ್ಟಕ್ಕೆ ಸಣ್ಣ ಹೆಸರು ಇಡುವುದು. ಅದನ್ನೇ ಮರ್ಯಾದೆ ಅಂದುಕೊಳ್ಳುವುದು.

ಮೇಡೇ ಎಂಬ ಶಬ್ದ ಹುಟ್ಟಿದ್ದೇ ಈ ರೂಢಿಯನ್ನು ಮುರಿಯಲು ಎಂದು ನನಗೆ ಅನಿಸುತ್ತದೆ. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಿಂದ ಪ್ಯಾರಿಸ್‌ಗೆ ವಿಮಾನಗಳು ಜಾಸ್ತಿ ಓಡಾಡುತ್ತಿದ್ದವು. ಎರಡೂ ಕಡೆಯವರಿಗೆ ತಟ್ಟನೆ ತಿಳಿಯುವ ಒಂದು ಮಾತು ಬೇಕಿತ್ತು. ಅಲ್ಲಿನ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದರು. ಫ್ರೆಂಚಿನಲ್ಲಿ "ನನಗೆ ಸಹಾಯ ಮಾಡಿ" ಎಂಬ ಮಾತಿನ ದನಿ ಅದರಲ್ಲಿದೆ. ಮೂರು ಸಲ ಹೇಳಬೇಕು. ಗದ್ದಲದಲ್ಲಿ ಒಂದು ಕಳೆದರೂ ಇನ್ನೊಂದು ಕಿವಿಗೆ ಬೀಳಬೇಕು. ಇದು ನಿಜವಾದ ಕೂಗು, ಬೇರೆಯವರ ಮೇಡೇ ಬಗ್ಗೆ ಆಡಿದ ಮಾತಲ್ಲ ಎಂದೂ ಗೊತ್ತಾಗಬೇಕು. ಅಷ್ಟು ತೀವ್ರವಲ್ಲದ ತೊಂದರೆಗೆ "ಪ್ಯಾನ್ ಪ್ಯಾನ್" ಇದೆ, ಅದೂ ಮೂರು ಸಲ. ಆಮೇಲೆ ಯಾವ ವಿಮಾನ, ಏನಾಗಿದೆ, ಏನು ಮಾಡಬೇಕೆಂದಿದ್ದೇವೆ, ಎಲ್ಲಿದ್ದೇವೆ, ಎಷ್ಟು ಎತ್ತರ. ಕಂಟ್ರೋಲರ್ ಕೇಳುವುದು ಮುಖ್ಯವಾಗಿ ಎರಡು: ಇಂಧನ ಎಷ್ಟಿದೆ, ಜನ ಎಷ್ಟಿದ್ದಾರೆ. ಈ ಎರಡನೆಯದನ್ನು ಅವರು "ಸೋಲ್ಸ್" ಎಂದು ಕೇಳುತ್ತಾರೆ. ಎಷ್ಟು ಪ್ರಯಾಣಿಕರು ಅಂತಲ್ಲ, ಎಷ್ಟು ಜೀವ ಅಂತ. ಮಡಿಲ ಕೂಸಿನಿಂದ ಪೈಲಟ್‌ವರೆಗೆ ಎಲ್ಲ ಸೇರಿದ ಲೆಕ್ಕ. ಮಾಸ್ತರರೇ, ಅಲ್ಲಿ ಮನುಷ್ಯತ್ವ ಇಲ್ಲ ಎಂದಿರಲ್ಲ, ಈ ಒಂದು ಶಬ್ದವನ್ನು ಇನ್ನೊಮ್ಮೆ ಯೋಚಿಸಿ.

ಹೇಳುವವರು ಸರಿಯಾಗಿ ಹೇಳಿದರೆ ಸಾಲದು, ಕೇಳುವವರಿಗೂ ಅದು ಹಾಗೇ ಮುಟ್ಟಬೇಕು. 1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನವೊಂದು ಜಾವಾ ದ್ವೀಪದ ಹತ್ತಿರ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ನಾಲ್ಕೂ ಎಂಜಿನ್ ನಿಂತವು. ಮೇಡೇ ಎಂದು ಕೂಗಿದರು. ನಾಲ್ಕೂ ಹೋಗಿವೆ ಎಂದರು. ಜಕಾರ್ತಾದ ಕಂಟ್ರೋಲ್‌ಗೆ ಅದು ನಾಲ್ಕನೇ ನಂಬರಿನ ಎಂಜಿನ್ ಒಂದೇ ಹೋಗಿದೆ ಎಂದು ಕೇಳಿಸಿತು. ಹತ್ತಿರದಲ್ಲಿದ್ದ, ಇಂಡೊನೇಷ್ಯಾದ ಗರುಡಾ ಸಂಸ್ಥೆಯ ವಿಮಾನದವರು ನಡುವೆ ಬಂದು ತಿಳಿಸಿದ ಮೇಲೆ ಕೆಳಗಿನವರಿಗೆ ಅರ್ಥವಾಯಿತು. ಪುಣ್ಯಕ್ಕೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು, ಎಲ್ಲರೂ ಬದುಕಿದರು.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಅಂಥ ಪುಣ್ಯ ಇರಲಿಲ್ಲ. ಮಂಜು ಮುಸುಕಿದ ರನ್‌ವೇಯಲ್ಲಿ ಒಂದು ಜಂಬೋ ಓಡಲು ಶುರು ಮಾಡಿತ್ತು, ಇನ್ನೊಂದು ಇನ್ನೂ ಅದೇ ರನ್‌ವೇಯಲ್ಲಿತ್ತು. ಓಡುತ್ತಿದ್ದ ವಿಮಾನದವರು ಈಗ ಟೇಕಾಫ್‌ನಲ್ಲಿದ್ದೇವೆ ಎಂದಾಗ ಕಂಟ್ರೋಲರ್ "ಓಕೆ" ಎಂದ. ಅದರ ಹಿಂದೆಯೇ ಕಾಯಿರಿ, ನಾನು ಕರೆಯುತ್ತೇನೆ ಎಂದ. ಆದರೆ ಅದೇ ಕ್ಷಣ ಎರಡನೇ ವಿಮಾನದವರೂ ಮಾತಾಡಿದ್ದರಿಂದ ರೇಡಿಯೋ ಕಿರುಗುಟ್ಟಿತು, ಆ ಮಾತು ಸರಿಯಾಗಿ ಕೇಳಿಸಲಿಲ್ಲ. ಎರಡೂ ವಿಮಾನ ಡಿಕ್ಕಿ ಹೊಡೆದವು. 583 ಜನ ಸತ್ತರು. ಅಂದಿನಿಂದ "ಟೇಕಾಫ್" ಎಂಬ ಶಬ್ದವನ್ನೇ ಕಟ್ಟಿಟ್ಟಿದ್ದಾರೆ. ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಅದು ಬಾಯಿಗೆ ಬರಬೇಕು.

ನಮ್ಮ ಓಣಿಯಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರಿದ್ದಾರೆ. ಇದನ್ನೆಲ್ಲ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಗಾಡಿ ಬಿಡುವಾಗ ಪಕ್ಕದ ಸ್ಟೇಷನ್ನಿಗೆ ಫೋನಿನಲ್ಲಿ ಸುಮ್ನೆ "ಹೂಂ" ಅಂದರೆ ನಡೆಯುವುದಿಲ್ಲ, ಒಪ್ಪಿಗೆಯ ಗುರುತಾಗಿ ಪ್ರೈವೇಟ್ ನಂಬರ್ ಎಂಬ ಗುಪ್ತ ಸಂಖ್ಯೆ ಕೊಡಬೇಕು, ಅದನ್ನು ಬರೆದುಕೊಳ್ಳಬೇಕು ಎಂದರು. ಪೈಲಟ್‌ಗಳು ಕೇಳಿದ್ದನ್ನು ತಿರುಗಿ ಹೇಳುವ ರೀಡ್‌ಬ್ಯಾಕ್ ಇದರದೇ ತಮ್ಮ. ನಮ್ಮ ಬಸ್ಸಿನ ಕಂಡಕ್ಟರ್ ಕೂಡ "ದಯವಿಟ್ಟು ಈಗ ಹೊರಡೋಣವೇ" ಎನ್ನುವುದಿಲ್ಲ. "ರೈಟ್" ಅಂದರೆ ಹೊರಡು, "ಹೋಲ್ಡಾನ್" ಅಂದರೆ ನಿಲ್ಲು. ಬಾಗಿಲಲ್ಲಿ ಮುದುಕಿಯ ಸೆರಗು ಸಿಕ್ಕಾಗ "ಹೋಲ್ಡಾನ್" ಯಾವ ಭಾಷೆ ಅಂತ ಯಾರೂ ಕೇಳುವುದಿಲ್ಲ.

ಇನ್ನು ನಿಮ್ಮ ಮೇಲೂ ಒಂದು ದೂರು ಇದೆ, ಸಿಟ್ಟಾಗಬೇಡಿ. ನಿಮ್ಮಂಥ ಮಾಸ್ತರರೇ ನಮಗೆ ರಜಾ ಅರ್ಜಿ ಕಲಿಸಿದ್ದು. ನಾಲ್ಕು ಸಾಲು ವಿನಂತಿ ಮುಗಿದ ಮೇಲೆ ಐದನೇ ಸಾಲಿನಲ್ಲಿ ಜ್ವರ ಬರುತ್ತಿತ್ತು. ಹಾಗೆ ಬರೆದು ಮಾರ್ಕು ತೆಗೆದುಕೊಂಡವರೇ ಇವತ್ತು ಕಚೇರಿಗಳಲ್ಲಿ ಕೂತಿದ್ದಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಕಡೆ ನುಗ್ಗಿದ್ದು ನಿಮಗೆ ನೆನಪಿದೆ. ಇವತ್ತಿಗೂ ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ಪ್ರಕಟಣೆಗಳು "ನದಿಪಾತ್ರದ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು" ಎನ್ನುತ್ತವೆ. ಯಾವ ಊರು? ಎಷ್ಟೊತ್ತಿಗೆ ನೀರು ಬರುತ್ತದೆ? ದನ ಕರು ಹೊಡೆದುಕೊಂಡು ಎಲ್ಲಿಗೆ ಹೋಗಬೇಕು? ಅದನ್ನು ಓದಿದ ರೈತ ಎತ್ತು ಬಿಚ್ಚುವುದಿಲ್ಲ. ಬಿಚ್ಚಬೇಕು ಎಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಇದಕ್ಕೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಕೊನೆಯ ಮಾತು ಯಾರದು ಎಂದು ಕೇಳಿದ್ದಿರಿ. ಮೇಲಿದ್ದವರದು. ಅಪಾಯದಲ್ಲಿ ಕ್ಯಾಪ್ಟನ್ ನಿಯಮ ಮೀರಬಹುದು, ಕೆಳಗಿನವರು ದಾರಿ ಬಿಡಿಸಿ ಕೊಡಬೇಕು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಕಳೆದುಕೊಂಡ ಕ್ಯಾಪ್ಟನ್ ಸಲೆನ್‌ಬರ್ಗರ್‌ಗೆ ಕಂಟ್ರೋಲರ್ ಪ್ಯಾಟ್ರಿಕ್ ಹಾರ್ಟನ್ ಒಂದು ರನ್‌ವೇ ಹೇಳಿದರು. "ಅನೇಬಲ್" ಎಂದು ಉತ್ತರ ಬಂತು. ಆಗುವುದಿಲ್ಲ, ಅಷ್ಟೇ. ಕ್ಷಮೆ ಇಲ್ಲ, ಕಾರಣ ಇಲ್ಲ. ಇನ್ನೊಂದು ನಿಲ್ದಾಣ ಹೇಳಿದರು. ಅದೂ ಆಗಲಿಲ್ಲ. ಹಡ್ಸನ್ ನದಿಗೇ ಇಳಿಯುತ್ತೇವೆ ಎಂದರು ಕ್ಯಾಪ್ಟನ್. ಇಳಿಸಿದರು. 155 ಜೀವಗಳೂ ಉಳಿದವು.

ನಿಮ್ಮ ಮೊಮ್ಮಗಳಿಗೆ ಆ ರೇಡಿಯೋ ಮಾತುಕತೆಯ ಕೊನೆಯ ಭಾಗವನ್ನು ಇನ್ನೊಮ್ಮೆ ಕೇಳಿಸಲು ಹೇಳಿ. ನಾಳೆ ಅವಳು ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲೇ ಕಂಟ್ರೋಲರ್ ಕುರ್ಚಿಯಲ್ಲಿ ಕೂತಾಳು. ಆ ಕೊನೆಯ ಭಾಗದಲ್ಲಿ ವಿಮಾನ ರೇಡಾರಿನಿಂದ ಮರೆಯಾಗಿದೆ. ಉತ್ತರ ಬರುತ್ತಿಲ್ಲ. ಹಾರ್ಟನ್ ಮಾತ್ರ ನ್ಯೂವಾರ್ಕ್ ನಿಲ್ದಾಣ ನಿಮಗೆ ಸುಮಾರು ಏಳು ಮೈಲಿ ದೂರದಲ್ಲಿದೆ ಎಂದು ಆ ಖಾಲಿ ರೇಡಿಯೋಕ್ಕೆ ಹೇಳುತ್ತಿದ್ದಾರೆ.