ಗಿಟ್‌ಹಬ್ ಪೇಜಸ್‌ಗೆ ಏರಿಸಿದ ರಿಯಾಕ್ಟ್ ಆ್ಯಪ್ ಖಾಲಿ ಪುಟವಾಗಿ ತೆರೆಯುವುದೇಕೆ?

ವೀಟ್ (ರಿಯಾಕ್ಟ್ ಕೋಡನ್ನು ಜಾಲತಾಣದ ಕಡತಗಳಾಗಿ ಕಟ್ಟಿಕೊಡುವ ಸಾಧನ) ಬಳಸಿ ಕಟ್ಟಿದ ಆ್ಯಪ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡಿ, ಗಿಟ್‌ಹಬ್ ಪೇಜಸ್‌ನಲ್ಲಿ ಬಿಳಿ ಪರದೆ ತೋರಿಸುತ್ತಿದ್ದರೆ ಕೋಡ್ ತಿದ್ದಲು ಹೋಗಬೇಡಿ. ಮೊದಲು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿರುವ ನೆಟ್‌ವರ್ಕ್ ವಿಭಾಗ ನೋಡಿ. ಜಾವಾಸ್ಕ್ರಿಪ್ಟ್ ಕಡತದ ಎದುರು 404 (ಅಂದರೆ ‘ಸಿಗಲಿಲ್ಲ’) ಎಂದಿದ್ದರೆ ತೊಡಕು ಇರುವುದು ವಿಳಾಸದಲ್ಲಿ. ವೀಟ್ ತನ್ನ ಕಡತಗಳನ್ನು ತಾಣದ ಬುಡದಿಂದಲೇ ಹುಡುಕುತ್ತದೆ; ಗಿಟ್‌ಹಬ್ ಪೇಜಸ್‌ನ ಪ್ರಾಜೆಕ್ಟ್ ತಾಣವಾದರೋ ರೆಪೊಸಿಟರಿಯ (ಕೋಡ್ ಇಟ್ಟಿರುವ ಕೋಶ) ಹೆಸರಿನ ಕೆಳಗೆ ಇರುತ್ತದೆ. ವೀಟ್‌ನ ಕಾನ್ಫಿಗ್ ಕಡತದಲ್ಲಿ ‘ಬೇಸ್’ ಎಂಬಲ್ಲಿ ರೆಪೊಸಿಟರಿಯ ಹೆಸರನ್ನು ಹಿಂದೆ ಮುಂದೆ ಓರೆಗೆರೆ ಸಹಿತ ಬರೆಯಿರಿ. ಮತ್ತೆ ಬಿಲ್ಡ್ ಮಾಡಿ, ‘ಡಿಸ್ಟ್’ ಫೋಲ್ಡರ್‌ನಲ್ಲಿರುವುದನ್ನು ಮಾತ್ರ ಏರಿಸಿ.

ಮುಖಪುಟ ತೆರೆದು, ಒಳಪುಟವನ್ನು ರಿಫ್ರೆಶ್ ಮಾಡಿದಾಗ 404 ಬಂದರೆ ಅದು ಬೇರೆಯೇ ವಿಷಯ. ಆ ಒಳಪುಟ ಸರ್ವರ್‌ನಲ್ಲಿ ಕಡತವಾಗಿ ಇಲ್ಲವೇ ಇಲ್ಲ, ಅದನ್ನು ಬ್ರೌಸರ್‌ನಲ್ಲಿ ರೂಪಿಸುವುದು ಆ್ಯಪ್‌ನೊಳಗಿನ ರೌಟರ್ (ವಿಳಾಸ ನೋಡಿ ಪುಟ ಆರಿಸುವ ಕೋಡ್). ಇಂಡೆಕ್ಸ್ ಕಡತದ ಒಂದು ನಕಲನ್ನು 404.ಎಚ್‌ಟಿಎಂಎಲ್ ಹೆಸರಿನಲ್ಲಿ ಇಟ್ಟರೆ ಪುಟ ತೆರೆಯುತ್ತದೆ, ಆದರೆ ಸರ್ವರ್ ಕಳುಹಿಸುವ ಸಂಕೇತ ಆಗಲೂ 404 ಆಗಿರುವುದರಿಂದ ಹುಡುಕುತಾಣಗಳು ಆ ಪುಟವನ್ನು ಕೈಬಿಡುತ್ತವೆ. ಓದುಗರು ಗೂಗಲ್ ಮೂಲಕ ಬರಬೇಕೆಂದಿದ್ದರೆ ನೆಟ್ಲಿಫೈನಂತಹ ಸೇವೆಯೇ ಮೇಲು: ಅಲ್ಲಿ ‘_redirects’ (ರೀಡೈರೆಕ್ಟ್ಸ್) ಕಡತದ ಒಂದೇ ಸಾಲಿನಿಂದ ಎಲ್ಲ ವಿಳಾಸಗಳಿಗೂ 200 (ಅಂದರೆ ‘ಸಿಕ್ಕಿತು’) ಸಂಕೇತದೊಡನೆ ಇಂಡೆಕ್ಸ್ ಪುಟ ಸಿಗುವಂತೆ ಮಾಡಬಹುದು.