ಸಂಪಾದಕರ ಉತ್ತರ: ಆಟ ಮಾರಿದ ಮೇಲೆ ಪಹಣಿ ಯಾರ ಹೆಸರಿಗೆ?

ಕಲಬುರಗಿಯ ಬ್ರಹ್ಮಪುರದಿಂದ ಪತ್ರ ಬರೆದು, ಹೆಸರನ್ನು ಪ್ರಕಟಿಸಬಾರದೆಂದು ಕೋರಿರುವ ತಾಯಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಪೂರ್ತಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲವಾದ್ದರಿಂದ ಅದರ ಸಾರವನ್ನು ಓದುಗರಿಗೆ ಮೊದಲು ತಿಳಿಸುತ್ತೇನೆ. ನಿಮ್ಮ ಮಗ ಇಲ್ಲಿಯೇ ಇಂಜಿನಿಯರಿಂಗ್ ಓದಿ, ಮೂವರು ಗೆಳೆಯರೊಡನೆ ಬೆಂಗಳೂರಿನಲ್ಲಿ ವಿಡಿಯೊ ಗೇಮ್ ತಯಾರಿಸುವ ಸಣ್ಣ ಸ್ಟುಡಿಯೊ ಕಟ್ಟಿದ್ದಾರೆ. ಆರು ವರ್ಷಗಳ ದುಡಿಮೆಯ ನಂತರ ಅವರ ಮೊದಲ ಗೇಮ್ ಹೊರಬಂದಿದೆ; ಅದರ ಪಾತ್ರಗಳು ನಮ್ಮ ಭಾಗದ ಮಾತನ್ನೇ ಆಡುತ್ತವೆ, ಆದರೂ ದೂರ ದೇಶದವರು ಅದನ್ನು ಕೊಂಡು ಆಡುತ್ತಿದ್ದಾರೆ. ಈಗ ಗೇಮುಗಳನ್ನು ಹೊರತರುವ ದೊಡ್ಡದೊಂದು ಪ್ರಕಾಶನ ಸಂಸ್ಥೆ ಇಡೀ ಸ್ಟುಡಿಯೊವನ್ನು ಕೊಳ್ಳಲು ಮುಂದೆ ಬಂದಿದೆ. ಮನೆಗೆ ಬಂದ ಲಕ್ಷ್ಮಿಯನ್ನು ದೂಡಬಾರದೆಂದು ನಿಮ್ಮ ಭಾವನವರು ಹೇಳುತ್ತಿದ್ದಾರೆ, ನಾಲ್ವರು ಗೆಳೆಯರಲ್ಲಿ ಒಬ್ಬರು ಮಾರುವುದಾದರೆ ತಾನು ಹೊರಗೆ ಹೋಗುವೆನೆನ್ನುತ್ತಿದ್ದಾರೆ, ಮಗ ರಾತ್ರಿ ನಿದ್ದೆ ಮಾಡುತ್ತಿಲ್ಲ. 'ಇದು ಹೊಲ ಮಾರಿ, ಅದೇ ಹೊಲದಾಗ ಲಾವಣಿಗೆ ದುಡದಂಗ ಅಲ್ಲೇನ್ರಿ?' ಎಂದು ಕೇಳಿದ್ದೀರಿ. ಸಣ್ಣ ಸ್ಟುಡಿಯೊಗಳನ್ನು ದೊಡ್ಡವರು ಕೊಳ್ಳುವುದು ಆ ಉದ್ಯಮ ಬೆಳೆದದ್ದರ ಗುರುತು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದನ್ನೂ ಆಕ್ಷೇಪಿಸಿದ್ದೀರಿ. ಆ ವಾಕ್ಯ ನನ್ನದು. ಅದು ಕೊಳ್ಳುವವರ ಕಡೆಯಿಂದ ಮಾತ್ರ ನೋಡಿ ಬರೆದ ವಾಕ್ಯವಾಗಿತ್ತು. ನಿಮ್ಮ ಆಕ್ಷೇಪಣೆಯನ್ನು ಒಪ್ಪಿಕೊಳ್ಳುತ್ತೇನೆ.

ನೀವು ಹೊಲದ ಮಾತನ್ನು ಎತ್ತಿದ್ದರಿಂದ ಅಲ್ಲಿಂದಲೇ ಆರಂಭಿಸುವುದು ಸುಲಭ. ಹೊಲಕ್ಕೆ ಪಹಣಿ ಇರುವಂತೆ ಗೇಮಿಗೂ ಒಂದು ಒಡೆತನದ ದಾಖಲೆ ಇರುತ್ತದೆ: ಅದರ ಸೋರ್ಸ್ ಕೋಡ್ (ಗೇಮನ್ನು ನಡೆಸುವ ಕಂಪ್ಯೂಟರ್ ಬರಹ), ಚಿತ್ರ, ಸಂಗೀತ, ಕಥೆಗಳ ಕಾಪಿರೈಟ್, ಅದರ ಹೆಸರಿನ ಟ್ರೇಡ್‌ಮಾರ್ಕ್, ಮುಂದೆ ಅದರ ಎರಡನೆಯ ಭಾಗವನ್ನು ಮಾಡುವ ಹಕ್ಕು. ಇವೆಲ್ಲ ಈಗ ಸ್ಟುಡಿಯೊ ಎಂಬ ಕಂಪನಿಯ ಹೆಸರಿನಲ್ಲಿವೆ, ಕಂಪನಿಯ ಷೇರುಗಳು ನಾಲ್ವರ ಕೈಯಲ್ಲಿವೆ. ಷೇರು ಮಾರಿದ ದಿನ ಗೇಮಿನ ಮೇಲಿನ ಹೆಸರು ಬದಲಾಗುವುದಿಲ್ಲ, ಕಚೇರಿಯ ಬೋರ್ಡು ಬದಲಾಗುವುದಿಲ್ಲ, ಹುಡುಗರು ಅದೇ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಆದರೆ ಪಹಣಿ ಬೇರೆಯವರದಾಗಿರುತ್ತದೆ. ನಮ್ಮೂರಿನಲ್ಲಿ ಎಂಎಸ್‌ಕೆ ಮಿಲ್ಲಿನ ಮಗ್ಗಗಳು ನಿಂತು ದಶಕಗಳು ಕಳೆದರೂ ಬಡಾವಣೆಗೆ ಅದೇ ಹೆಸರು ಉಳಿದಿರುವುದನ್ನು ನೀವು ದಿನವೂ ನೋಡುತ್ತೀರಿ. ಹೆಸರು ಉಳಿಯುವುದೂ ಕೆಲಸ ಉಳಿಯುವುದೂ ಬೇರೆ ಬೇರೆ ಎಂಬುದು ಕಲಬುರಗಿಯವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಪಹಣಿ ಹೋದರೆ ಏನಾಗುತ್ತದೆಂಬುದಕ್ಕೆ ಸ್ಪಷ್ಟವಾದ ಉದಾಹರಣೆ ಅಮೆರಿಕದ ಬಂಗೀ ಸ್ಟುಡಿಯೊದ್ದು. ಅದನ್ನು ಮೈಕ್ರೋಸಾಫ್ಟ್ 2000ದಲ್ಲಿ ಕೊಂಡಿತು. ಬಂಗೀಯವರು 'ಹೇಲೋ' ಎಂಬ ಗೇಮನ್ನು ಮಾಡಿ, ಗೇಮ್ ಆಡಲೆಂದೇ ಮೈಕ್ರೋಸಾಫ್ಟ್ ಮಾಡಿದ ಎಕ್ಸ್‌ಬಾಕ್ಸ್ ಎಂಬ ಯಂತ್ರವೇ ಅದರಿಂದ ಮನೆಮಾತಾಗುವಂತೆ ಮಾಡಿದರು. 2007ರಲ್ಲಿ ಅವರು ಮತ್ತೆ ಸ್ವತಂತ್ರರಾದರು. ಆದರೆ ಹೊರಗೆ ಬರುವಾಗ 'ಹೇಲೋ' ಹಿಂದೆಯೇ ಉಳಿಯಿತು. ಅದನ್ನು ಮುಂದುವರಿಸಲು ಮೈಕ್ರೋಸಾಫ್ಟ್ ಬೇರೊಂದು ತಂಡವನ್ನು ಕಟ್ಟಿತು, ಬಂಗೀಯವರು ಹೊಸ ಹೊಲದಲ್ಲಿ ಮೊದಲಿನಿಂದ ಉಳುಮೆ ಆರಂಭಿಸಬೇಕಾಯಿತು. ಅದೇ ಬಂಗೀಯನ್ನು 2022ರಲ್ಲಿ ಸೋನಿ 360 ಕೋಟಿ ಡಾಲರಿಗೆ ಕೊಂಡಿತು. ಆ ನುರಿತ ಕೈಗಳಿಗೆ ಎರಡನೆಯ ಸಲವೂ ಬೆಲೆ ಬಂತು, ಆದರೆ ಮೊದಲ ಬೆಳೆ ಮರಳಿ ಬರಲಿಲ್ಲ.

ಹಾಗೆಂದು ಮಾರಾಟವೆಲ್ಲ ನಷ್ಟವೆಂದು ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಡಬಲ್ ಫೈನ್ ಎಂಬ ಸ್ಟುಡಿಯೊ 'ಸೈಕೊನಾಟ್ಸ್ 2' ಗೇಮನ್ನು ಅರ್ಧ ಮಾಡಿಕೊಂಡು ಹಣ ಸಾಲದೆ, ಅದರ ಕೆಲವು ದೊಡ್ಡ ಕಾಳಗದ ಭಾಗಗಳನ್ನೇ ಕೈಬಿಡುವ ಸ್ಥಿತಿಗೆ ಬಂದಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡ ನಂತರ ಆ ಭಾಗಗಳನ್ನು ಮರಳಿ ಸೇರಿಸಲು ಅವಕಾಶವಾಗಿ, 2021ರಲ್ಲಿ ಗೇಮ್ ಪೂರ್ತಿಯಾಗಿ ಹೊರಬಂದಿತು. ಸ್ವೀಡನ್ನಿನ ಮೊಜಾಂಗ್ ಸ್ಟುಡಿಯೊವನ್ನು 2014ರಲ್ಲಿ ಅದೇ ಕಂಪನಿ 250 ಕೋಟಿ ಡಾಲರಿಗೆ ಕೊಂಡಾಗ ಸ್ಥಾಪಕರು ಮೂವರೂ ಹೊರಗೆ ಹೋದರು. ಅವರ 'ಮೈನ್‌ಕ್ರಾಫ್ಟ್' ಮಾತ್ರ ಬಾಡಲಿಲ್ಲ. 2023ರ ಹೊತ್ತಿಗೆ ಅದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಮಾಡಿದವರು ಹೋದರೂ ಬೆಳೆ ನಿಲ್ಲಬಲ್ಲದು. ನಿಮ್ಮ ಮಗನಿಗೆ ಇದು ಸಮಾಧಾನವೋ ಸಂಕಟವೋ ಎಂಬುದನ್ನು ಅವನೇ ಹೇಳಬೇಕು.

ನಿಜವಾಗಿ ನನ್ನನ್ನು ಹೆಚ್ಚು ಕಾಡುವುದು ಕೊಂಡವರ ಒಳ್ಳೆಯತನವನ್ನು ಕುರಿತ ಪ್ರಶ್ನೆಯಲ್ಲ. 'ಕೊಳ್ಳುವವರು ಭಾಳ ಸಭ್ಯ ಮಂದಿ, ಮಗನನ್ನು ಊಟಕ್ಕೆ ಕರೆದಿದ್ದರು' ಎಂದು ಬರೆದಿದ್ದೀರಿ. ಅವರು ಸಭ್ಯರೇ ಇರಬಹುದು. ಕೊರಿಯಾದ ಕ್ರಾಫ್ಟನ್ ಎಂಬ ಕಂಪನಿಯ ಮೂರು ವ್ಯವಹಾರಗಳನ್ನು ಒಟ್ಟಿಗೆ ಇಟ್ಟು ನೋಡಿ. ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ 2023ರಲ್ಲಿ 'ಹೈ-ಫೈ ರಶ್' ಎಂಬ, ಎಲ್ಲರೂ ಮೆಚ್ಚಿದ ಗೇಮನ್ನು ಕೊಟ್ಟಿತ್ತು. ಆದರೂ ಮರುವರ್ಷದ ಮೇ ತಿಂಗಳಲ್ಲಿ ಅದರ ಮಾಲೀಕ ಕಂಪನಿಯಾಗಿದ್ದ ಮೈಕ್ರೋಸಾಫ್ಟ್ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಆಗ ಆ ತಂಡವನ್ನೂ ಆ ಗೇಮಿನ ಹಕ್ಕನ್ನೂ ಎತ್ತಿಕೊಂಡು ಉಳಿಸಿದ್ದು ಕ್ರಾಫ್ಟನ್. ಪುಣೆಯ ನಾಟಿಲಸ್ ಮೊಬೈಲ್, ಅಂದರೆ ನಮ್ಮ ಹುಡುಗರು ಫೋನಿನಲ್ಲಿ ಆಡುವ 'ರಿಯಲ್ ಕ್ರಿಕೆಟ್' ಮಾಡಿದ ಸ್ಟುಡಿಯೊ, 2025ರಲ್ಲಿ ಅದೇ ಕ್ರಾಫ್ಟನ್ನಿನ ಹಿಡಿತಕ್ಕೆ ಬಂದಿತು. ಇನ್ನು ಮೂರನೆಯದು ಅಮೆರಿಕದ ಅನ್‌ನೋನ್ ವರ್ಲ್ಡ್ಸ್. ಅದನ್ನು ಕ್ರಾಫ್ಟನ್ 2021ರಲ್ಲಿ 50 ಕೋಟಿ ಡಾಲರಿಗೆ ಕೊಂಡು, ಮುಂದಿನ ಗಳಿಕೆ ಚೆನ್ನಾಗಿದ್ದರೆ ಇನ್ನೂ 25 ಕೋಟಿಯವರೆಗೆ ಕೊಡುವುದಾಗಿ ಕರಾರು ಮಾಡಿಕೊಂಡಿತ್ತು. 2025ರ ಜುಲೈನಲ್ಲಿ ಸ್ಟುಡಿಯೊದ ಮೂವರು ಮುಖ್ಯಸ್ಥರನ್ನು ತೆಗೆಯಲಾಯಿತು, ಹೊಸ ಗೇಮಿನ ಬಿಡುಗಡೆ ಮುಂದಕ್ಕೆ ಹೋಯಿತು, ಆ 25 ಕೋಟಿಯ ತಕರಾರು ಅಮೆರಿಕದ ಡೆಲವೇರ್ ರಾಜ್ಯದ ನ್ಯಾಯಾಲಯವನ್ನು ಹತ್ತಿತು. ಒಂದೇ ಕಂಪನಿ ಒಂದು ಕಡೆ ಕೈಹಿಡಿದು ಎತ್ತಿತು, ಇನ್ನೊಂದು ಕಡೆ ಕಟಕಟೆಯಲ್ಲಿ ಎದುರಾಯಿತು. ಆದುದರಿಂದ ಕೊಳ್ಳುವವರ ಸ್ವಭಾವಕ್ಕಿಂತ ಕರಾರಿನ ಸಾಲುಗಳನ್ನು ನೋಡಿರೆಂದು ನಾನು ಕೇಳಿಕೊಳ್ಳುತ್ತೇನೆ.

ಆ ಸಾಲುಗಳಲ್ಲಿ ಮೊದಲನೆಯದು ಬೆಲೆಯ ಸಾಲು. ನಿಮಗೆ ಹೇಳಲಾಗಿರುವ ದೊಡ್ಡ ಮೊತ್ತ ಒಂದೇ ಗಂಟಿನಲ್ಲಿ ಬರುವುದಿಲ್ಲ. ಒಂದು ಭಾಗ ರೊಕ್ಕವಾಗಿ ಕೂಡಲೇ ಬರುತ್ತದೆ. ಇನ್ನೊಂದು ಭಾಗವನ್ನು, ಹಳೆಯ ಸಾಲವೋ ಮೊಕದ್ದಮೆಯೋ ಹೊರಬಿದ್ದರೆ ಕಡಿದುಕೊಳ್ಳಲೆಂದು, ವರ್ಷವೋ ಎರಡು ವರ್ಷವೋ ತಡೆದಿಡುತ್ತಾರೆ. ಮತ್ತೊಂದು ಭಾಗವನ್ನು ಕೊಳ್ಳುವ ಕಂಪನಿಯ ಷೇರುಗಳಾಗಿ ಕೊಡಬಹುದು, ಅವುಗಳ ಬೆಲೆ ಏರಬಹುದು, ಇಳಿಯಬಹುದು. ಕೊನೆಯ ಭಾಗ ಗುರಿ ಮುಟ್ಟಿದರೆ ಮಾತ್ರ ಸಿಗುವಂಥದು. ಉದ್ಯಮದವರು ಇದನ್ನು ಅರ್ನ್‌ಔಟ್ ಎನ್ನುತ್ತಾರೆ. ಮೂರು ವರ್ಷ ಅಲ್ಲಿಯೇ ಕೆಲಸ ಮಾಡಿದರೆ ಮಾತ್ರ ಈ ಕೊನೆಯ ಭಾಗ ಎಂದು ನಿಮ್ಮ ಮಗನಿಗೆ ಹೇಳಿದ್ದಾರೆಂದು ಬರೆದಿದ್ದೀರಿ. ಇಲ್ಲಿಯೇ ಎಚ್ಚರ ಬೇಕು. ಗುರಿ ಮುಟ್ಟಬೇಕಾದವನು ನಿಮ್ಮ ಮಗ. ಆದರೆ ಗೇಮ್ ಯಾವ ತಿಂಗಳು ಬಿಡುಗಡೆಯಾಗಬೇಕು, ಪ್ರಚಾರಕ್ಕೆ ಎಷ್ಟು ಖರ್ಚು ಮಾಡಬೇಕು, ಎಷ್ಟು ಜನರನ್ನು ಇಟ್ಟುಕೊಳ್ಳಬೇಕು ಎಂಬ ತೀರ್ಮಾನ ಮಾಲೀಕರದಾದರೆ, ನೀರಿನ ಗೇಟು ಒಬ್ಬರ ಕೈಯಲ್ಲಿದ್ದು ಇಳುವರಿಯ ಹೊಣೆ ಇನ್ನೊಬ್ಬರ ಮೇಲೆ ಬಿದ್ದಂತಾಗುತ್ತದೆ. ಹಾಗೆಯೇ, ಕೆಲಸದಲ್ಲಿ ಉಳಿದರೆ ಮಾತ್ರ ಎಂಬ ಷರತ್ತಿನ ಹಣವನ್ನು ಆದಾಯ ತೆರಿಗೆಯವರು ಷೇರಿನ ಲಾಭವೆಂದು ನೋಡದೆ ಸಂಬಳವೆಂದು ಎಣಿಸುವ ಸಂಭವವಿದೆ, ಆಗ ತೆರಿಗೆಯ ದರವೇ ಬೇರೆಯಾಗುತ್ತದೆ. ಸಹಿಗೆ ಮೊದಲೇ ಲೆಕ್ಕಪರಿಶೋಧಕರೊಬ್ಬರನ್ನು ಕಾಣಲಿ.

ಎರಡನೆಯ ವಿಚಾರ ಕೊಂಡವರು ಮುಂದೆ ಯಾರಿಗೆ ಮಾರುತ್ತಾರೆಂಬುದು; ಅದಕ್ಕೆ ಉದಾಹರಣೆ ಬೆಂಗಳೂರಿನದೇ. ಧ್ರುವ ಇಂಟರ್ಯಾಕ್ಟಿವ್ ನಮ್ಮ ದೇಶದ ಅತ್ಯಂತ ಹಳೆಯ ಗೇಮ್ ಕಂಪನಿಗಳಲ್ಲೊಂದು. 1997ರಿಂದ ವಿದೇಶದ ದೊಡ್ಡ ಗೇಮುಗಳಿಗೆ ಚಿತ್ರಕೆಲಸ ಮಾಡಿಕೊಡುತ್ತ ಒಂದು ಪೀಳಿಗೆಯ ಕಲಾವಿದರನ್ನು ಅದು ತಯಾರು ಮಾಡಿತು. 2016ರ ಕೊನೆಯಲ್ಲಿ ಅದನ್ನು ಕೊಳ್ಳುವುದಾಗಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪ್ರಕಟಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಟಾರ್‌ಬ್ರೀಜ್ ತಾನೇ ಹಣದ ಮುಗ್ಗಟ್ಟಿಗೆ ಸಿಲುಕಿ ನ್ಯಾಯಾಲಯದ ರಕ್ಷಣೆ ಬೇಡಬೇಕಾಯಿತು, 2019ರಲ್ಲಿ ಧ್ರುವವನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಎಂಬ ದೊಡ್ಡ ಗೇಮ್ ಕಂಪನಿಗೆ ಮಾರಿತು. ಧ್ರುವದವರಿಗೆ ಈ ಎರಡನೆಯ ಮನೆ ಸುಸ್ಥಿತಿಯಲ್ಲಿದ್ದ ಮನೆಯಾಗಿತ್ತು. ಅಮೆರಿಕದ ವೊಲಿಷನ್ ಎಂಬ ಸ್ಟುಡಿಯೊಗೆ ಆ ಭಾಗ್ಯವಿರಲಿಲ್ಲ: ಅದನ್ನು ಕೊಂಡಿದ್ದ ಟಿಎಚ್‌ಕ್ಯೂ ಎಂಬ ಗೇಮ್ ಪ್ರಕಾಶನ ಸಂಸ್ಥೆ ದಿವಾಳಿಯಾಗಿ, ವೊಲಿಷನ್ 2013ರಲ್ಲಿ ಮತ್ತೊಬ್ಬರಿಗೆ ಹೋಯಿತು, ಆ ಮತ್ತೊಬ್ಬರನ್ನೇ ಎಂಬ್ರೇಸರ್ ಸಮೂಹ ಕೊಂಡಿತು, 2023ರಲ್ಲಿ ಎಂಬ್ರೇಸರಿನ 200 ಕೋಟಿ ಡಾಲರಿನ ಬೇರೆಯದೇ ಒಂದು ವ್ಯವಹಾರ ಮುರಿದುಬಿದ್ದು ಸಮೂಹವೆಲ್ಲ ಖರ್ಚು ಕಡಿತಕ್ಕೆ ಇಳಿದಾಗ, ಮೂವತ್ತು ವರ್ಷದ ವೊಲಿಷನ್ ಆಗಸ್ಟ್ ಕೊನೆಯ ದಿನ ಬಾಗಿಲು ಹಾಕಿತು. ನಿಮ್ಮ ಮಗ ಇಂದು ಒಬ್ಬರಿಗೆ ಮಾರುತ್ತಾನೆ. ಅವರು ನಾಳೆ ಯಾರಿಗೆ ಮಾರುತ್ತಾರೆಂಬುದು ಅವನ ಕೈಯಲ್ಲಿ ಇರುವುದಿಲ್ಲ. ಸ್ಟುಡಿಯೊವನ್ನು ಮುಚ್ಚುವುದಾದರೆ ಅಥವಾ ಗೇಮನ್ನು ಇಂತಿಷ್ಟು ವರ್ಷ ಬಳಸದೆ ಬಿಟ್ಟರೆ ಅದರ ಹಕ್ಕನ್ನು ಮೊದಲು ಸ್ಥಾಪಕರಿಗೇ ಮರಳಿ ಕೊಳ್ಳಲು ಕೊಡಬೇಕೆಂಬ ಒಂದು ಷರತ್ತನ್ನು ಕೇಳುವುದು ಸಾಧ್ಯ. ದೊಡ್ಡವರು ಸುಲಭವಾಗಿ ಒಪ್ಪುವುದಿಲ್ಲ. ಸಹಿಯಾಗುವವರೆಗೆ ಮಾತ್ರ ಕೇಳುವ ಬಲ ಇರುತ್ತದೆ, ಆದ್ದರಿಂದ ಈಗಲೇ ಕೇಳಬೇಕು.

ಮಾರುವುದೊಂದೇ ದಾರಿಯೆ ಎಂದೂ ಕೇಳಿದ್ದೀರಿ. ಇನ್ನೊಂದು ದಾರಿ ಇದೆ, ಅದು ನಮ್ಮ ಗಂಜಿನ ಅಡತಿ ಅಂಗಡಿಯ ವ್ಯವಹಾರವನ್ನು ಬಲ್ಲವರಿಗೆ ಬೇಗ ತಿಳಿಯುತ್ತದೆ. ತೊಗರಿ ಬಿತ್ತುವ ಹೊತ್ತಿಗೆ ಅಡತಿಯವರು ಮುಂಗಡ ಕೊಡುತ್ತಾರೆ, ರಾಶಿಯಾದ ಮೇಲೆ ಮಾಲು ಅವರ ಅಂಗಡಿಗೇ ಬರುತ್ತದೆ, ಮುಂಗಡ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಹೊಲ ರೈತನ ಹೆಸರಿನಲ್ಲೇ ಇರುತ್ತದೆ. ಗೇಮ್ ಪ್ರಕಾಶಕರೂ ಇದೇ ರೀತಿ ಒಂದೇ ಗೇಮಿಗೆ ಮುಂಗಡ ಕೊಟ್ಟು, ಮಾರಾಟದಿಂದ ಅದನ್ನು ಮರಳಿ ಪಡೆದು, ಆಮೇಲೆ ಲಾಭ ಹಂಚಿಕೊಳ್ಳುವ ಕರಾರು ಮಾಡುತ್ತಾರೆ. ಕಂಪ್ಯೂಟರ್ ಗೇಮುಗಳನ್ನು ಇಂಟರ್ನೆಟ್‌ನಲ್ಲಿ ಮಾರುವ ಸ್ಟೀಮ್ ಅಂಗಡಿ ಸಾಮಾನ್ಯವಾಗಿ ಮೊದಲೇ ಶೇ 30 ಕಡಿದುಕೊಳ್ಳುವುದರಿಂದ, ಹಂಚಿಕೆ ಆ ಕಡಿತದ ನಂತರದ ಹಣದ ಮೇಲೆ ನಡೆಯುತ್ತದೆ. ಕೈಗೆ ಬರುವುದು ಕಡಿಮೆ, ಎರಡನೆಯ ಗೇಮ್ ಸೋತರೆ ಆಸರೆಯೂ ಇಲ್ಲ. ಆದರೂ ನಾಲ್ವರಲ್ಲಿ ಒಬ್ಬರು ಮಾರಲೊಲ್ಲೆ ಎನ್ನುತ್ತಿರುವಾಗ, ಇದನ್ನು ಒಮ್ಮೆ ಕೇಳಿ ನೋಡದೆ ಸಹಿ ಮಾಡುವುದು ಸರಿಯೆಂದು ನನಗೆ ತೋರುವುದಿಲ್ಲ.

ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಸಂಗತಿಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ನಾಲ್ವರಲ್ಲದೆ ಇನ್ನೂ ಏಳು ಜನ ಅಲ್ಲಿ ದುಡಿಯುತ್ತಾರೆಂದು ಬರೆದಿದ್ದೀರಿ: ಚಿತ್ರ ಬರೆಯುವವರು, ಸದ್ದು ಕೂಡಿಸುವವರು, ಆಡಿ ನೋಡಿ ತಪ್ಪು ಹಿಡಿಯುವವರು, ಪಾತ್ರಗಳ ಮಾತನ್ನು ನಮ್ಮ ಭಾಗದ ಕನ್ನಡದಲ್ಲಿ ಬರೆದ ಆಳಂದದ ಹೆಣ್ಣುಮಗಳು. ಇವರ ಹೆಸರಿನಲ್ಲಿ ಷೇರಿಲ್ಲ. ಮಾರಾಟದ ದಿನ ಇವರಿಗೆ ಸಿಗುವುದು ಹೊಸ ನೇಮಕಾತಿ ಪತ್ರ ಮಾತ್ರ, ಖರ್ಚು ಕಡಿತದ ದಿನ ಮೊದಲು ಹೊರಗೆ ಹೋಗುವವರೂ ಇವರೇ. ಗೇಮಿನ ಮಾತು ನಮ್ಮೂರಿನ ಮಾತಿನಂತೆ ಕೇಳಿಸುತ್ತದೆ ಎಂದು ನೀವು ಹೆಮ್ಮೆಯಿಂದ ಬರೆದಿದ್ದೀರಲ್ಲ, ಆ ಹೆಮ್ಮೆ ಆಕೆಯ ದುಡಿಮೆಯಿಂದ ಬಂದದ್ದು. ಸ್ಥಾಪಕರು ತಮ್ಮ ಪಾಲಿನಿಂದ ಒಂದಂಶವನ್ನು ಈ ಏಳು ಜನರಿಗೆ ಮಾರಾಟಕ್ಕೆ ಮೊದಲೇ ಬರೆದುಕೊಡಬಹುದು, ಇಷ್ಟು ತಿಂಗಳು ಕೆಲಸದಿಂದ ತೆಗೆಯುವಂತಿಲ್ಲ, ತೆಗೆದರೆ ಇಷ್ಟು ತಿಂಗಳ ಸಂಬಳ ಕೊಡಬೇಕು ಎಂಬ ಕಲಮನ್ನು ಸೇರಿಸಬಹುದು. ಮುಂದಿನ ಗೇಮಿನಲ್ಲಿಯೂ ಕನ್ನಡದ ಮಾತು ಇರಬೇಕೆಂಬುದನ್ನೂ ಹೀಗೆಯೇ ಬರೆಸಬೇಕು, ಏಕೆಂದರೆ ದೂರದ ಕಚೇರಿಯಲ್ಲಿ ಭಾಷೆಗೊಂದು ಖರ್ಚಿನ ಲೆಕ್ಕ ಹಾಕುವಾಗ ನಮ್ಮ ಭಾಷೆಯ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಕುಳಿತಿರುವುದಿಲ್ಲ.

'ಅವನಿಗೆ ನಾನೇನು ಹೇಳಲಿ?' ಎಂದು ಪತ್ರ ಮುಗಿಸಿದ್ದೀರಿ. ಮಾರು ಅಥವಾ ಮಾರಬೇಡ ಎಂದು ಹೇಳುವ ಅಧಿಕಾರ ನನಗಿಲ್ಲ, ಆ ಭಾರವನ್ನು ನೀವೂ ಹೊರಬೇಕಾಗಿಲ್ಲ. ಈ ಭಾನುವಾರ ಅವನು ಫೋನ್ ಮಾಡಿದಾಗ ಎರಡನ್ನು ಮಾತ್ರ ಕೇಳಿ: ಮುಂದಿನ ಗೇಮಿನ ಬಿಡುಗಡೆಯ ದಿನವನ್ನು ಯಾರು ನಿರ್ಧರಿಸುತ್ತಾರೆಂದು ಕರಾರಿನಲ್ಲಿ ಬರೆದಿದೆ, ಆ ಏಳು ಜನರ ಬಗ್ಗೆ ಏನು ಬರೆದಿದೆ. ಇನ್ನು, ಕರಡು ಕರಾರನ್ನು ನಮ್ಮ ಕಚೇರಿಗೆ ಕಳಿಸುವುದಾಗಿ ಹೇಳಿದ್ದೀರಿ. ದಯವಿಟ್ಟು ಕಳಿಸಬೇಡಿ. ಇಂಥ ಮಾತುಕತೆಗಳಲ್ಲಿ ಗುಟ್ಟು ಕಾಯುವ ಒಪ್ಪಂದಕ್ಕೆ ಸಾಮಾನ್ಯವಾಗಿ ಮೊದಲೇ ಸಹಿ ಆಗಿರುತ್ತದೆ, ಹೊರಗಿನವರು ಓದಿದರೆ ತೊಂದರೆ ಮಗನಿಗೆ. ಸ್ಟುಡಿಯೊ ಪರವಾಗಿ, ಕೊಳ್ಳುವವರು ನೇಮಿಸದ, ಕಂಪನಿ ಕಾನೂನು ಬಲ್ಲ ವಕೀಲರೊಬ್ಬರಿಗೆ ಅದನ್ನು ತೋರಿಸಲಿ. ಅವರ ಶುಲ್ಕ ಎಷ್ಟೇ ಆದರೂ ನಾಲ್ವರೂ ಸಮನಾಗಿ ಹಾಕಿಕೊಳ್ಳಲಿ, ಹೊರಗೆ ಹೋಗುವೆನೆನ್ನುತ್ತಿರುವ ಗೆಳೆಯನೂ ಆ ದಿನ ಜೊತೆಗೆ ಕುಳಿತುಕೊಳ್ಳಲಿ.

ಸಂಪಾದಕ