ಮದ್ದು ಕೊಟ್ಟವರು ಮಗುವನ್ನು ಮತ್ತೆ ಕಂಡರೇ?

ಓದುಗರ ಪತ್ರ: ಲಿಂಗತ್ವದ ತಳಮಳದಲ್ಲಿರುವ 18ರೊಳಗಿನ ಮಕ್ಕಳಿಗೆ ಹರೆಯ ತಡೆಯುವ ಔಷಧ ಹೊಸದಾಗಿ ಕೊಡುವುದನ್ನು ಬ್ರಿಟನ್ ಸರ್ಕಾರ ನಿಷೇಧಿಸಿದ್ದನ್ನು ಕಳೆದ ಸಂಚಿಕೆಯಲ್ಲಿ ‘ವಿವೇಕದ ನಡೆ’ ಎಂದು ಹೊಗಳಿದ್ದೀರಿ. ಬಹಳ ಬೇಗ ಮೈನೆರೆಯುವ ಮಕ್ಕಳಿಗೆ ಇದೇ ಚುಚ್ಚುಮದ್ದನ್ನು ದಶಕಗಳಿಂದ ಕೊಡುತ್ತಿದ್ದಾರೆ. ಅವರಿಗೆ ಆಗದ ಅಪಾಯ ಇವರಿಗೆ ಹೇಗಾಗುತ್ತದೆ? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗಾಗಿ ಈ ಚಿಕಿತ್ಸೆಯನ್ನು ಪರಿಶೀಲಿಸಿದ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಅವರ ವರದಿ ತನಗೆ ಬೇಡದ ಅಧ್ಯಯನಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದೆ. ನಿಮಗೆ ಈ ಮಕ್ಕಳ ಸಂಕಟ ಗೊತ್ತಿಲ್ಲ.
– ಓದುಗರೊಬ್ಬರು, ಮ್ಯಾಂಚೆಸ್ಟರ್

ಸಂಪಾದಕರ ಉತ್ತರ: ಅಷ್ಟು ದೂರ ಹೋಗಿ ನೆಲೆಸಿದ ಮೇಲೂ ಇಷ್ಟು ಖಾರವಾಗಿ ಬೈಯುವ ಕನ್ನಡ ಉಳಿಸಿಕೊಂಡಿದ್ದೀರಲ್ಲ, ಅದಕ್ಕೆ ಮೊದಲು ಶಹಬ್ಬಾಸ್. ಮಕ್ಕಳ ಸಂಕಟದ ಬಗ್ಗೆ ನೀವು ಹೇಳುವುದು ನಿಜ. ತನ್ನ ಮೈಯೇ ತನ್ನದಲ್ಲ ಎನ್ನಿಸುವ ಮಗು, ಕ್ಲಿನಿಕ್ಕಿನ ಸರದಿಯಲ್ಲಿ ವರ್ಷಗಟ್ಟಲೆ ಕಾಯುವ ತಂದೆತಾಯಿ, ಇದನ್ನು ಡಾ. ಹಿಲರಿ ಕ್ಯಾಸ್ ಕೂಡ ಅಲ್ಲಗಳೆದಿಲ್ಲ. ಅವರ ವರದಿ ಹಿಡಿದುಕೊಂಡು ಲಿಂಗತ್ವ ಅಲ್ಪಸಂಖ್ಯಾತರನ್ನು ಹೀಯಾಳಿಸಿ ನಮಗೆ ಪತ್ರ ಬರೆದವರೂ ಇದ್ದಾರೆ. ಆ ಪತ್ರಗಳು ಹೋದದ್ದು ಮಾತ್ರ ನಿಜವಾಗಿ ಕಸದ ಬುಟ್ಟಿಗೆ.

ಆದರೆ ವರದಿಯನ್ನು ನೀವು ಓದಿಲ್ಲ, ಅದರ ಮೇಲಿನ ಜಗಳವನ್ನು ಓದಿದ್ದೀರಿ ಅಂತ ನನ್ನ ಗುಮಾನಿ. 2024ರ ಏಪ್ರಿಲ್‌ನಲ್ಲಿ ಬಂದ ಆ ವರದಿಗಾಗಿ ಯಾರ್ಕ್ ವಿಶ್ವವಿದ್ಯಾಲಯದವರು ಈ ಔಷಧದ ಬಗ್ಗೆ 50 ಅಧ್ಯಯನಗಳನ್ನು ತೂಗಿದರು. ಒಂದು ಉತ್ತಮ, 25 ಮಧ್ಯಮ, 24 ಕಳಪೆ. ಉತ್ತಮ, ಮಧ್ಯಮ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಬಿಟ್ಟದ್ದು ಕಳಪೆಯವನ್ನು ಮಾತ್ರ. ಬೇಗ ಮೈನೆರೆಯುವ ಮಕ್ಕಳ ವಿಷಯವೇ ಬೇರೆ. ಆರು ವರ್ಷದ ಹುಡುಗಿಗೆ ಅಕಾಲದಲ್ಲಿ ಶುರುವಾದದ್ದನ್ನು ಅಲ್ಲಿ ನಿಲ್ಲಿಸುತ್ತಾರೆ, ಓರಗೆಯವರಿಗೆ ಆಗುವ ವಯಸ್ಸಿಗೆ ಬಿಡುತ್ತಾರೆ. ಇಲ್ಲಿ ತಡೆಯುವುದು ಸಕಾಲದಲ್ಲಿ ಬರುವ ಹರೆಯವನ್ನೇ, ಅದೂ ಮೂಳೆ ಗಟ್ಟಿಯಾಗುವ ವರ್ಷಗಳಲ್ಲಿ.

‘ಯೋಚಿಸಲು ಸ್ವಲ್ಪ ಸಮಯ ಸಿಗುತ್ತದೆ’ ಎಂಬ ಸಮಾಧಾನ ಹೇಳಿ ಇದನ್ನು ಕೊಡುತ್ತಿದ್ದರು. ಇಂಥ ಮಕ್ಕಳನ್ನು ನೋಡುತ್ತಿದ್ದ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ ಅಧ್ಯಯನವೊಂದರಲ್ಲಿ 44 ಮಕ್ಕಳಿಗೆ ಕೊಟ್ಟಿತು. ಅವರಲ್ಲಿ 43 ಮಂದಿ ಮುಂದೆ ಇನ್ನೊಂದು ಲಿಂಗದ ಹಾರ್ಮೋನಿಗೆ ಹೋದರು. ಯೋಚಿಸಿದವರೆಲ್ಲ ಒಂದೇ ತೀರ್ಮಾನಕ್ಕೆ ಬಂದರೋ, ಹತ್ತಿಸಿದ ಬಸ್ಸಿಗೆ ನಡುವೆ ಸ್ಟಾಪೇ ಇರಲಿಲ್ಲವೋ? ಈ ಪದ್ಧತಿ ಹುಟ್ಟಿದ್ದು ನೆದರ್ಲೆಂಡ್ಸಿನಲ್ಲಿ. ಅಲ್ಲಿನ ವೈದ್ಯರು ಚಿಕ್ಕಂದಿನಿಂದಲೇ ಈ ಸಂಕಟವಿದ್ದವರನ್ನು ಬಹುಕಾಲ ನೋಡಿ, ಆರಿಸಿ 70 ಮಂದಿಗೆ ಕೊಟ್ಟರು. ಶಸ್ತ್ರಚಿಕಿತ್ಸೆಯ ನಂತರದವರೆಗೆ ಮಾಹಿತಿ ಸಿಕ್ಕಿದ್ದು 55 ಮಂದಿಯದು. ಲಂಡನ್ನಿಗೆ ಬಂದವರೋ ಬೇರೆಯೇ ಗುಂಪು. 2011ರ ಹೊತ್ತಿಗೆ ವರ್ಷಕ್ಕೆ 250 ಮಕ್ಕಳೂ ಬರುತ್ತಿರಲಿಲ್ಲ, ಹತ್ತು ವರ್ಷದಲ್ಲಿ ಅದು 5,000 ದಾಟಿತು. ಹೆಚ್ಚಿನವರು ಹರೆಯ ಶುರುವಾದ ಮೇಲೆ ಬಂದ ಹುಡುಗಿಯರು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇದರಿಂದಲ್ಲ. ಟ್ಯಾವಿಸ್ಟಾಕ್‌ನಿಂದ ಹೊರಬಿದ್ದ ಸುಮಾರು 9,000 ಮಂದಿ ದೊಡ್ಡವರಾದ ಮೇಲೆ ಹೇಗಿದ್ದಾರೆ ಅಂತ ನೋಡಲು ಕ್ಯಾಸ್ ತಂಡ ಹೊರಟಾಗ, ಆಮೇಲೆ ಅವರನ್ನು ನೋಡುವ ವಯಸ್ಕರ ಏಳು ಕ್ಲಿನಿಕ್‌ಗಳಲ್ಲಿ ಆರು ಸಹಕರಿಸಲಿಲ್ಲ. ಆ ಮಕ್ಕಳ ಮೇಲೆ ಇಷ್ಟು ಪ್ರೀತಿಯಿದ್ದವರಿಗೆ, ಅವರು ಹೇಗಿದ್ದಾರೆಂದು ತಿಳಿಯುವ ಕುತೂಹಲವೂ ಬೇಡವೇ?

ಸದುದ್ದೇಶದ ವೈದ್ಯರೆಂದರೇ ನನಗೆ ಹೆಚ್ಚು ಭಯ. 1940ರ ದಶಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟರು. ಸುಮಾರು ಹತ್ತು ಸಾವಿರ ಮಕ್ಕಳು ಕುರುಡಾದರು. 1953ರಲ್ಲಿ ಅಮೆರಿಕದ ಆಸ್ಪತ್ರೆಗಳು ಒಟ್ಟಾಗಿ ಪರೀಕ್ಷೆ ನಡೆಸಿದ ಮೇಲೆ ಕಾರಣ ಖಚಿತವಾಯಿತು. ಆಮೇಲೆ ಗಾಬರಿಯಿಂದ ಆಮ್ಲಜನಕವನ್ನು ತೀರಾ ಕಡಿಮೆ ಮಾಡಿದ್ದರಿಂದ ಬೇರೆ ಶಿಶುಗಳು ಸತ್ತವು. ನಿಷೇಧಕ್ಕೂ ಬೆಲೆಯಿದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ, ನಿಮಗೇ ಬಿಟ್ಟುಕೊಡುತ್ತೇನೆ. ಕ್ಯಾಸ್ ಕೇಳಿದ್ದೂ ಸರಿಯಾದ ಸಂಶೋಧನೆಯೊಳಗೆ ಮಾತ್ರ ಕೊಡಿ ಅಂತ. ಸಾರಾಸಗಟು ನಿಷೇಧ ಅವರ ಶಿಫಾರಸಾಗಿರಲಿಲ್ಲ.

ನಮ್ಮೂರ ಕಡೆ ಹಳೇ ಕಾಲದ ಎಲ್.ಎಂ.ಪಿ. ಲೈಸೆನ್ಸಿನ ಒಬ್ಬ ಡಾಕ್ಟರಿದ್ದರು. ಉದ್ದನೆಯ ಕಿರಾಣಿ ಲೆಕ್ಕದ ಪುಸ್ತಕದಲ್ಲಿ ಎಡಗಡೆ ಮಗುವಿನ ಹೆಸರು, ಕೊಟ್ಟ ಔಷಧ. ಬಲಗಡೆ ಖಾಲಿ. ಸಂತೆಯಲ್ಲಿ ತಾಯಿ ಸಿಕ್ಕರೆ ‘ಏನವ್ವಾ, ಜ್ವರ ಬಿಡ್ತಾ?’ ಅಂತ ಕೇಳಿ ಸಂಜೆ ಬಲಗಡೆ ತುಂಬುತ್ತಿದ್ದರು. ಈಗಿನ ಆಸ್ಪತ್ರೆಗಳಲ್ಲಿ ಎಡಗಡೆಯದು ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿದೆ. ಬಲಗಡೆ ಎಂಬುದೇ ಇಲ್ಲ. ಒಪಿಡಿಯಲ್ಲಿ ಮೂರು ನಿಮಿಷ, ಐದು ಮಾತ್ರೆ, ನೆಕ್ಸ್ಟ್.

ನಿಮಗೆ ಇನ್ನೊಂದು ಪ್ರಶ್ನೆ. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಮದುವೆ ನೋಂದಣಿಯ ಮೊಕದ್ದಮೆಯೊಂದರಲ್ಲಿ, ಗಂಡೋ ಹೆಣ್ಣೋ ಸ್ಪಷ್ಟವಿಲ್ಲದ ದೇಹದೊಂದಿಗೆ ಹುಟ್ಟಿದ ಶಿಶುಗಳಿಗೆ ಅನಗತ್ಯ ಶಸ್ತ್ರಚಿಕಿತ್ಸೆ ಮಾಡಬಾರದೆಂದಿತು. ತಮಿಳುನಾಡು ಸರ್ಕಾರ ಅದೇ ವರ್ಷ ಆದೇಶ ಹೊರಡಿಸಿತು. 2023ರಲ್ಲಿ ಕೇರಳ ಹೈಕೋರ್ಟ್ ಅಂಥದೇ ಏಳು ವರ್ಷದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ತಂದೆತಾಯಿ ಕೇಳಿದ ಅನುಮತಿ ಕೊಡಲಿಲ್ಲ. ಮಗು ದೊಡ್ಡದಾಗಿ ತಾನೇ ಹೇಳಲಿ ಎಂಬ ಆ ತರ್ಕಕ್ಕೆ ನೀವೂ ಚಪ್ಪಾಳೆ ತಟ್ಟಿರುತ್ತೀರಿ. ಅಲ್ಲಿ ಮಗು ಕೇಳಿರಲಿಲ್ಲ, ಇಲ್ಲಿ ಮಗುವೇ ಕೇಳುತ್ತಿದೆ ಎನ್ನುತ್ತೀರಿ, ಗೊತ್ತು. ಆದರೆ ಈ ಮದ್ದು, ಆಮೇಲಿನ ಹಾರ್ಮೋನು ಎಂದು ಹೋದರೆ ಮಕ್ಕಳಾಗುವ ಶಕ್ತಿಯೇ ಹೋಗಬಹುದು. ಮುಂದೆ ತನಗೆ ಮಕ್ಕಳು ಬೇಕೋ ಬೇಡವೋ ಎಂಬುದನ್ನು ಹನ್ನೆರಡು ವರ್ಷದ ಮಗು ಯಾವ ಅನುಭವದ ಮೇಲೆ ಹೇಳಬೇಕು?

ನಮ್ಮ ರಾಜ್ಯದಲ್ಲಿ ಅಂಥ ಶಿಶುಗಳಿಗೆ ಎಷ್ಟು ಶಸ್ತ್ರಚಿಕಿತ್ಸೆ ನಡೆದಿದೆ ಎಂದು ಮಾಹಿತಿ ಹಕ್ಕಿನಡಿ ಒಂದು ಕಚೇರಿಗೆ ಅರ್ಜಿ ಹಾಕಿದ್ದೆ. ‘ಸದರಿ ಮಾಹಿತಿಯನ್ನು ಈ ಕಚೇರಿಯಲ್ಲಿ ನಿರ್ವಹಿಸುತ್ತಿರುವುದಿಲ್ಲ’ ಎಂದು ಸೀಲು ಹೊಡೆದು ಕಳಿಸಿದ್ದಾರೆ. ಮೇಲ್ಮನವಿ ಹಾಕಿದ್ದೇನೆ. ನೀವು ವರದಿ ಓದಿ ಮತ್ತೆ ಬೈದು ಬರೆಯಿರಿ. ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.